ಸಾಕ್ಷಿ ಕೈ ತೋರಿಸುತ್ತಾರೆ

ಬರೆದದ್ದು ನಾನೇ.
ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿ
ಊಟದ ಹೊತ್ತಿಗೆ ಏಳು ನಿಮಿಷ ಉಳಿದಾಗ,
ಸಾಹೇಬರು ಹೇಳಿದ ಹಾಗೆ, ಕೀಲಿಮಣೆ ಕುಟ್ಟುತ್ತ:
‘ಸಾಕ್ಷಿ ತಮ್ಮ ಕೈ ತೋರಿಸುತ್ತಾರೆ.
ಮೂರು ಬೆರಳು ಇಲ್ಲದಿರುವುದು ಕಂಡುಬರುತ್ತದೆ.’
ಯಾವ ಕೈ ಅಂತ ಸಾಹೇಬರು ಹೇಳಲಿಲ್ಲ,
ನಾನು ಕೇಳಲಿಲ್ಲ.
ಎದುರಿಗೇ ಇತ್ತಲ್ಲ ಕೈ.

ಕಾಮಾಕ್ಷಿಪಾಳ್ಯದ ಶೆಡ್ಡಿನಲ್ಲಿ ಪವರ್ ಪ್ರೆಸ್ಸು.
ಬಾಗಿಲ ಕೀಲು ಹೊಡೆಯುವ ಕೆಲಸ ಅಂಜಿನಮ್ಮನದು,
ದಿನಕ್ಕೆ ಎರಡು ಸಾವಿರದ ಇನ್ನೂರು.
ಅವಳು ಹೊಡೆದ ಕೀಲುಗಳ ಮೇಲೆ
ಈ ಊರಿನ ಎಷ್ಟು ಬಾಗಿಲು ತೆರೆದು ಮುಚ್ಚುತ್ತವೋ
ಲೆಕ್ಕ ಇಟ್ಟವರಿಲ್ಲ.
ಅವಳ ಕೀಲುಗಳಿಗೆ ಮಾತ್ರ ಲೆಕ್ಕವಿದೆ,
ಕಾಯಿದೆಯ ಕೊನೆಗೆ, ಅನುಸೂಚಿಯಲ್ಲಿ:
ಒಂದು ಕೈಯ ಮೂರು ಬೆರಳು, ನೂರಕ್ಕೆ ಮೂವತ್ತು.

ಡಾಕ್ಟರು ನಲವತ್ತೈದು ಅಂದರು.
ಮಾಲೀಕ ರುದ್ರೋಜಿ ಅಂದ: ‘ಆಕೆ ಕಸ ಗುಡಿಸೋಳು,
ಮಿಷಿನ್ನಿಗೆ ಕೈ ಹಾಕು ಅಂದೋರ್ಯಾರು?’
ವಿಮೆ ಕಂಪನಿಯ ವಕೀಲರು ಏನೂ ಅನ್ನಲಿಲ್ಲ,
ಹಳದಿ ಪ್ಯಾಡಿನಲ್ಲಿ ಭಾಗಾಕಾರ ಮಾಡುತ್ತಿದ್ದರು.
ಸಾಹೇಬರು ವಯಸ್ಸು ನೋಡಿ, ಸಂಬಳ ಗುಣಿಸಿ,
ಆದೇಶ ಕೊಟ್ಟರು. ಅಂಜಿನಮ್ಮ
ಭವನದ ಮೆಟ್ಟಿಲ ಮೇಲೆ ಕೂತು ಟೀ ಕುಡಿದಳು.
ಸರಿಯಾಗಿ ಅರವತ್ತನೇ ದಿನಕ್ಕೆ
ಮೇಲ್ಮನವಿ.

ಹಣ ಠೇವಣಿಯಾಗಿ ಬ್ಯಾಂಕಿಗೆ ಹೋಯಿತು,
ಅಲ್ಲಿ ಅವಳ ಹೆಸರಿನಲ್ಲಿ
ಅವಳಿಗೆ ಸಿಗದೆ ಬೆಳೆಯಿತು.

ನಾಲ್ಕನೇ ವರ್ಷ ಹೈಕೋರ್ಟು ದಾಖಲೆ ಕೇಳಿತು.
ಕಡತವನ್ನು ಲಾಡಿಯಲ್ಲಿ ಬಿಗಿದು
೩೬೫ರಲ್ಲಿ ತೊಡೆಯ ಮೇಲಿಟ್ಟುಕೊಂಡು ಹೊರಟೆ.
ಶಾಂತಿನಗರದ ಹತ್ತಿರ ಬಸ್ಸು ನಿಂತೇ ನಿಂತಿತು.
ಬೇಸರಕ್ಕೆ ಲಾಡಿ ಸಡಿಲಿಸಿದೆ.
ಮಾರ್ಚಿನವರೆಗಿನ ಸಂಬಳದ ಚೀಟಿಗಳಲ್ಲೆಲ್ಲ ರುಜು,
ಏಳನೇ ಕ್ಲಾಸಿನ ಗುಂಡಗಿನ ಅಕ್ಷರ,
ಕೊನೆಯ ಒತ್ತಿಗೊಂದು ಬಾಲ.
ಏಪ್ರಿಲ್ಲಿನಿಂದ ಈಚೆಗೆ, ಅರ್ಜಿ, ವಕಾಲತ್ತು,
ನಾನು ಬರೆದ ಹೇಳಿಕೆಯ ಕೆಳಗೂ
ಎಡಗೈ ಹೆಬ್ಬೆಟ್ಟು.
ಬರೆಯುತ್ತಿದ್ದ ಕೈ ಯಾವುದೆಂದು
ಕಾಗದ ಇನ್ನು ಹೇಗೆ ಹೇಳಬೇಕು?
ಆದರೆ ಕಡತ ಹೊತ್ತವನಿಗೆ ಬಾಯಿಲ್ಲ.

ಆ ಕೆಂಪು ಕಟ್ಟಡದಲ್ಲಿ ಯಾರೂ ಕೈ ನೋಡುವುದಿಲ್ಲ.
ಅಲ್ಲಿಗೆ ಹತ್ತಿ ಬರುವುದು ಮಾತು ಮಾತ್ರ,
ಅದೂ ಪುಟಸಂಖ್ಯೆಯ ಜೊತೆಗೆ.
ನೋವಾಯಿತೇ ಎಂಬುದು ಸಂಗತಿ,
ಸಂಗತಿಯೆಲ್ಲ ಕೆಳಗೇ ಮುಗಿದಿದೆ.
ಮೇಲೆ ಕಾನೂನಿನ ಪ್ರಶ್ನೆ ಬೇಕು,
ಗಣನೀಯವಾದದ್ದೇ ಬೇಕು.
ಕಂಪನಿಯ ವಕೀಲರು ಪುಟ ನಲವತ್ತೊಂದು ತೆಗೆದರು:
‘ಕೈ ಎಂದಿದೆ, ಮಹಾಸ್ವಾಮಿ. ಯಾವ ಕೈ?
ಆಸ್ಪತ್ರೆಯ ಗಾಯದ ಪತ್ರದಲ್ಲಿ ಎಡ ಅಂತಿದೆ.’
ಅಲ್ಲೂ ಯಾರಿಗೋ ಊಟದ ಹೊತ್ತಾಗಿತ್ತೋ ಏನೋ.
ನ್ಯಾಯಮೂರ್ತಿಗಳು ಕನ್ನಡಕ ಸರಿಮಾಡಿಕೊಂಡು
ನನ್ನ ವಾಕ್ಯವನ್ನು ಎರಡು ಸಲ ಓದಿದರು.
ಅಷ್ಟು ಗಮನವಿಟ್ಟು ನನ್ನನ್ನು ಯಾರೂ ಓದಿರಲಿಲ್ಲ.
ಹಿಂದಿನ ಬೆಂಚಿನಲ್ಲಿ ಅಂಜಿನಮ್ಮ,
ಸೆರಗಿನೊಳಗೆ ಆ ಕೈ.
ನಡುವೆ ಇಪ್ಪತ್ತು ಅಡಿ.
ಹೊರಗೆ ತೆಗೆದಿದ್ದರೆ ಮುಗಿಯುತ್ತಿತ್ತು.
ತೆಗೆಯಲಿಕ್ಕೆ ಕಲಂ ಇಲ್ಲ.

ಆದೇಶ: ಮರುವಿಚಾರಣೆಗೆ ವಾಪಸು,
ಈ ಒಂದು ಅಂಶದ ಮಟ್ಟಿಗೆ, ಆರು ತಿಂಗಳೊಳಗೆ.

ಹದಿನಾಲ್ಕನೇ ತಿಂಗಳಿಗೆ ಬಂದಳು.
ಸಾಹೇಬರು ಬೇರೆ, ಫ್ಯಾನು ಅದೇ.
ರುದ್ರೋಜಿ ಶೆಡ್ಡು ಮಾರಿ ಕುಣಿಗಲ್ ಕಡೆ ಹೋದನಂತೆ.
ಪ್ರಮಾಣ ಮಾಡಿದಳು. ಕೈಯನ್ನು ಮೇಜಿನ ಅಂಚಿಗೆ
ತಂದಿಟ್ಟಳು, ಬಳೆಯಂಗಡಿಯಲ್ಲಿ ಅಳತೆಗೆ ಕೊಡುವ ಹಾಗೆ.
ಬರೆದೆ: ಬಲ.
ಅಳಿಸಿ ಮತ್ತೆ ಬರೆದೆ: ಬಲಗೈ. ತೋರು, ನಡು, ಉಂಗುರ.
ಯಾರೂ ಹೇಳದಿದ್ದರೂ ಗಟ್ಟಿಯಾಗಿ ಓದಿದೆ.

ಅವಳು ಕೈ ಹಿಂದಕ್ಕೆ ತೆಗೆಯಲಿಲ್ಲ.
‘ಸರ್ಯಾಗ್ ನೋಡ್ಕಳಿ ಸಾರ್,’ ಅಂದಳು,
‘ಹೋದ್ಸಲ ನೀವು ಊಟಕ್ ಎದ್ಬಿಟ್ರಿ.’